ಬಲಗೈ ಬಿದ್ದ ದಲ್ಲಾಳಿ

ಎಲ್ಲ ಗದ್ದಲಕ್ಕೂ ಮೂಲ ಒಂದು ನಿಂಬೆಹಣ್ಣು. ಅದೂ ಅಂತಿಂಥ ನಿಂಬೆಹಣ್ಣಲ್ಲ, ಇಂಡಿ ಊರಿನ ನಿಂಬೆಹಣ್ಣು. ಒಂದು ಹಿಂಡಿದರೆ ಒಂದು ಮದುವೆಗೆ ಪಾನಕವಾಗಿ, ಉಳಿದದ್ದರಲ್ಲಿ ಬೀಗರೆಲ್ಲ ಕೈ ತೊಳೆದುಕೊಳ್ಳಬೇಕು. ಎತ್ತಿನ ದಲ್ಲಾಳಿ ಶ್ರೀಶೈಲಪ್ಪನ ಚೀಲದಿಂದ ಅದು ಜಾರಿತು, ಪಡಸಾಲೆಯಲ್ಲಿ ಉರುಳಿತು, ಹೊಸ್ತಿಲ ಹತ್ತಿರ ನಿಂತು ಮನೆಗೆ ಬಂದಿದ್ದ ಹುಚ್ಚವ್ವನ ಕಾಲಿಗಾಗಿ ಕಾಯಿತು. ಹುಚ್ಚವ್ವ ಬಿದ್ದ ಸಪ್ಪಳಕ್ಕೆ ಸಾಲೋಟಗಿಯ ಗುಡಿಯ ಪಾರಿವಾಳಗಳು ಹಾರಿ ಮೂರು ದಿನ ಕೆಳಗಿಳಿಯಲಿಲ್ಲವೆಂದು ಓಣಿಯವರು ಇವತ್ತಿಗೂ ಆಣೆ ಮಾಡುತ್ತಾರೆ.

ತೊಡೆಯ ಎಲುಬು ಮುರಿಯಿತು. ಸೊಲ್ಲಾಪುರದಲ್ಲಿ ಆಪರೇಷನ್ನಾಗಿ ರಾಡು ಹಾಕಿದರು. ಮೂರು ತಿಂಗಳು ದಿನಾ ಕಸರತ್ತು ಮಾಡಿಸಿ ನಡೆಸಬೇಕು ಎಂದು ಹೇಳಿ ಕಳಿಸಿದರು. ಬಸವನ ಬಾಗೇವಾಡಿಯಲ್ಲಿ ಆಕೆಗೆ ಸ್ವಂತ ಮನೆ ಇತ್ತು, ಮಗ ಇದ್ದ, ಸೊಸೆ ಇದ್ದಳು. ಆದರೆ ಹುಚ್ಚವ್ವನ ನ್ಯಾಯವೇ ಬೇರೆ. "ಯಾರ ನಿಂಬಿಹಣ್ಣು ಕಾಲ ಮುರದೈತೋ ಅವರ ಮನ್ಯಾಗ ಕಾಲ ಕೂಡಬೇಕು" ಎಂದು ಇಂಡಿಯಲ್ಲೇ ಹಾಸಿಗೆ ಹಾಕಿಸಿಕೊಂಡಳು.

ಹುಚ್ಚವ್ವ ಶ್ರೀಶೈಲಪ್ಪನಿಗೆ ಅಕ್ಕ. ಅಕ್ಕನ ಮಗಳು ಸುವರ್ಣಾಳನ್ನೇ ಅವನು ಮಾಡಿಕೊಂಡಿದ್ದರಿಂದ ಅತ್ತೆಯೂ ಅವಳೇ. ಉಳಿದ ಗಂಡಸರು ಅತ್ತೆ ಕಾಡಿದರೆ ಅಕ್ಕನ ಮನೆಗೆ ಹೋಗಿ ಅಳುತ್ತಾರೆ, ಅಕ್ಕ ಬೈದರೆ ಅತ್ತೆಯ ಮನೆಗೆ ಹೋಗಿ ಉಣ್ಣುತ್ತಾರೆ. ಶ್ರೀಶೈಲಪ್ಪನಿಗೆ ಎರಡೂ ಬಾಗಿಲು ಒಂದೇ ಗೋಡೆಯಲ್ಲಿದ್ದವು. ತಾಯಿಯಿಲ್ಲದ ಅವನನ್ನು ಸಾಕಿದವಳೂ ಅವಳೇ. ಎತ್ತಿನ ದಲ್ಲಾಳಿಯಾಗಿದ್ದ ಅಪ್ಪನಿಂದ ಕಲಿತು, ಟಾವೆಲ್ಲಿನ ಕೆಳಗೆ ಕೈ ಹಿಡಿದು ತುಟಿ ಬಿಚ್ಚದೆ ವ್ಯಾಪಾರ ಕುದುರಿಸುವ ವಿದ್ಯೆಯನ್ನು ಅವನಿಗೆ ಹೇಳಿಕೊಟ್ಟವಳೂ ಅವಳೇ. ಎಷ್ಟು ಬೆರಳು ಹಿಡಿದರೋ ಲೆಕ್ಕ ಅಷ್ಟು. ಅಂಗೈ ಒತ್ತಿದರೆ ವ್ಯಾಪಾರ ಮುಗಿಯಿತು. ಆಮೇಲೆ ಆಕಾಶವೇ ಕಳಚಿ ಬಿದ್ದರೂ ಮಾತು ತಿರುಗಿಸುವಂತಿಲ್ಲ.

ಎಂಟು ದಿನ ಕಳೆಯಿತು. ಹುಚ್ಚವ್ವ ಹಾಸಿಗೆ ಬಿಟ್ಟು ಒಂದು ಹೆಜ್ಜೆ ಇಡಲೊಲ್ಲಳು. ಆದರೆ ಅವಳ ನಾಲಗೆ ದಿನಕ್ಕೆ ನಾಲ್ಕು ಸಲ ಬಿಜಾಪುರಕ್ಕೆ ಹೋಗಿ ಬರುತ್ತಿತ್ತು. "ತಮ್ಮಾ, ಚಾದಾಗ ಶುಂಠಿ ಜಾಸ್ತಿ ಆತು. ತಮ್ಮಾ, ಫ್ಯಾನಿನ ಗಾಳಿ ಎಡಕ್ಕ ಹೊಂಟೈತಿ. ತಮ್ಮಾ, ನೀ ಯಾಕ ಹಂಗ ಉಸರ ಬಿಟ್ಟಿ?" ಶ್ರೀಶೈಲಪ್ಪ ಎಂಟೇ ದಿನದಲ್ಲಿ ಎಷ್ಟು ಸೊರಗಿದನೆಂದರೆ ಉಡದಾರ ಪಾದಕ್ಕೆ ಜಾರಿ ಕಾಲ್ಗಡಗವಾಯಿತು. ಇನ್ನು ಮೂರು ತಿಂಗಳು ಹೀಗೇ ಹೋದರೆ ತನ್ನ ನೆರಳನ್ನು ಮಾತ್ರ ಮಣ್ಣು ಮಾಡಬೇಕಾಗುತ್ತದೆಂದು ಅವನಿಗೆ ಖಾತ್ರಿಯಾಯಿತು.

ಆಗ ಪಕ್ಕದ ಮನೆಯ ಸಿದ್ದಲಿಂಗ ಮಾಸ್ತರರು ಸುದ್ದಿ ತಂದರು. ಓಣಿಗೆಲ್ಲ ಒಂದೇ ಫೋನು, ಅದು ಅವರ ಮನೆಯಲ್ಲಿ; ಆದ್ದರಿಂದ ಓಣಿಯ ಎಲ್ಲರ ಸಂಸಾರವೂ ಅವರದೇ. "ಸಿಂದಗ್ಯಾಗ ಡಾಕ್ಟರ್ ಸಂಜೀವಕುಮಾರರು ಆರೈಕಿ ಮನಿ ತಗದಾರ. ಲಕ್ವಾ ಹೊಡದಾವ್ರು, ಎಲುಬ ಮುರದಾವ್ರು ಅಲ್ಲೇ ಇರೂದು. ಉಣಸ್ತಾರ, ತಿಕ್ಕತಾರ, ನಡಸ್ತಾರ."

ಶ್ರೀಶೈಲಪ್ಪನ ಕಣ್ಣಲ್ಲಿ ದೀಪಾವಳಿ ಆಯಿತು. ಹುಚ್ಚವ್ವ ಮಾತ್ರ ತಮ್ಮನನ್ನು ಒಳ್ಳೇ ಹೋರಿಯ ಹಲ್ಲು ನೋಡುವಂತೆ ನೋಡಿದಳು.

"ಹೋಗ್ತೇನಿ. ಆದ್ರ ಮೊದಲ ನೀ ಹೋಗಿ ನೋಡ್ಕೊಂಡು ಬಾ. ಕರದ್ರ ಓ ಅಂತಾರೇನು, ಬಿಸಿ ಕೂಳ ಹಾಕ್ತಾರೇನು, ಯಾರೂ ನೋಡದಾಗ ಬೈತಾರೇನು, ಮೂರೂ ನೋಡು. ಎತ್ತ ಆರಿಸಿದಂಗ ಆರಿಸು. ಸುಳ್ಳ ಹೇಳಿದ್ರ ನಿನ್ನ ಕಣ್ಣಾಗ ಕಾಣತೈತಿ. ಆಮ್ಯಾಲ ಮೂರು ತಿಂಗಳಲ್ಲ, ಸಾಯೂತನ ಇಲ್ಲೇ."

ಶುಕ್ರವಾರ ಬೆಳಿಗ್ಗೆ ಸಿಂದಗಿ ಬಸ್ಸಿನಲ್ಲಿ ಶ್ರೀಶೈಲಪ್ಪ ಕೂತ. ಕರೆಯದಿದ್ದರೂ ಮಾಸ್ತರರು ಕಿಟಕಿಯ ಪಕ್ಕ ಕೂತಿದ್ದರು.

"ಮಾಸ್ತರ, ನೋಡಾಕ ಬಂದೇವಿ ಅಂದ್ರ ಅವ್ರು ಒಳ್ಳೇದನ್ನ ತೋರಸ್ತಾರ. ಎತ್ತಿನ ಗುಣ ಮಾರಾಂವ ಹೇಳೂದಿಲ್ಲ, ಕೊಳ್ಳಾಂವಗ ತಿಳಿಯೂದಿಲ್ಲ, ನೊಗಕ್ಕ ಗೊತ್ತಿರತೈತಿ. ನಾ ಇವತ್ತ ನೊಗ ಆಗ್ತೇನಿ. ಲಕ್ವಾ ಹೊಡದೈತಿ ಅಂತ ಹೇಳಿ ಸೇರಸ್ರಿ. ನಾಕಕ್ಕ ಬಂದು ಬಿಡಸ್ಕೊಂಡು ಹೋಗ್ರಿ."

"ಯಾವ ಕಡೆ ಬಿದ್ದೈತಿ ಅನ್ನೂಣು?"

"ಬಲಗಡೆ" ಎಂದುಬಿಟ್ಟ ಶ್ರೀಶೈಲಪ್ಪ. ಉಣ್ಣುವ ಕೈ ಯಾವುದು, ವ್ಯಾಪಾರದ ಕೈ ಯಾವುದು ಎಂಬ ವಿಚಾರ ಆ ಗಳಿಗೆಯಲ್ಲಿ ಅವನ ತಲೆಯ ಓಣಿಗೂ ಬರಲಿಲ್ಲ.

ಮಾಸ್ತರರು ಮೂವತ್ತು ವರ್ಷ ಶಾಲೆಯಲ್ಲಿ ನಾಟಕ ಕಲಿಸಿದವರು. ಆರೈಕೆ ಮನೆಯ ಬಾಗಿಲಲ್ಲೇ ಗಳಗಳ ಅತ್ತರು. "ಮೂರು ದಿನದಿಂದ ಬಲಗಡೆ ಸತ್ತಂಗ ಆಗೇತ್ರಿ. ಘಟ್ಟಿ ಏನೂ ನುಂಗೂದಿಲ್ರಿ. ನಡುನಡುವ ನನಗೇನೂ ಆಗಿಲ್ಲ ಅಂತ ಬಡಬಡಸ್ತಾರ್ರಿ, ಕಿವಿಮ್ಯಾಲ ಹಾಕ್ಕೋಬ್ಯಾಡ್ರಿ." ಡಾಕ್ಟರ್ ಸಂಜೀವಕುಮಾರರು ಎಲ್ಲ ಬರೆದುಕೊಂಡರು. ಮನೆಯ ನಂಬರೆಂದು ಮಾಸ್ತರರು ತಮ್ಮ ಫೋನಿನ ನಂಬರನ್ನೇ ಕೊಟ್ಟು, ಬೀಗರ ಮನೆಯಲ್ಲಿ ಇವತ್ತು ಮಾವಿನ ಶೀಕರಣೆ ಎಂದು ಹೊರಟುಹೋದರು.

ಶ್ರೀಶೈಲಪ್ಪನನ್ನು ಸಗೀರಾ ಸಿಸ್ಟರ್ ಕೈಗೆ ಕೊಟ್ಟರು. ಸಗೀರಾ ಎತ್ತರದಲ್ಲಿ ಬಾಗಿಲಿಗೆ ಸಮ, ಅಗಲದಲ್ಲಿ ಎರಡು ಬಾಗಿಲಿಗೆ ಸಮ. ಅವನನ್ನು ಜೋಳದ ಸಿವುಡಿನಂತೆ ಎತ್ತಿ ಹಾಸಿಗೆಯಲ್ಲಿಟ್ಟಳು. ಅವನು ಕಂಗಾಲಾದ. ಸೊರಗಿದರೂ ತೂಕದ ಮನುಷ್ಯ ಅವನು. ಸಂತೆಯಲ್ಲಿ ಅವನನ್ನು ಇದುವರೆಗೆ ಎತ್ತಿದ್ದು ಒಂದು ಖಿಲಾರಿ ಹೋರಿ ಮಾತ್ರ, ಅದೂ ಕೋಡಿನಿಂದ.

ಅಕ್ಕನ ಮೊದಲ ಪರೀಕ್ಷೆ. ಗೋಡೆಗೂ ಕೇಳದಷ್ಟು ಸಣ್ಣದಾಗಿ "ಸಿಸ್ಟರ" ಎಂದ. ಬಾಯಿ ಮುಚ್ಚುವುದರೊಳಗೆ ಸಗೀರಾ ಮೂಗಿನ ಮುಂದೆ ನಿಂತಿದ್ದಳು. "ಏನ್ರಿ ಕಾಕಾರ? ಬಾಯಾರಿಕಿ ಆತೇನು? ಮಗ್ಗಲ ನೋಯ್ತೇನು? ಮನಿ ನೆನಪಾತೇನು?" ಶ್ರೀಶೈಲಪ್ಪ ಬೆಚ್ಚಿಬಿದ್ದ. ಮನೆಯಲ್ಲಿ ಇಪ್ಪತ್ತು ವರ್ಷ ಕೂಗಿದರೂ ಯಾರೂ ಹೀಗೆ ಬಂದಿರಲಿಲ್ಲ.

ಎರಡನೆಯ ಪರೀಕ್ಷೆ ಮಧ್ಯಾಹ್ನ ಬಂತು. ಉಳಿದವರ ತಾಟಿಗೆ ಹಬೆಯಾಡುವ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಆ ವಾಸನೆಗೆ ಸತ್ತವನೂ ಎದ್ದು ಕೈ ತೊಳೆದುಕೊಳ್ಳಬೇಕು. ಹಸಿವಾದರೆ ಹದಿನೈದು ರೊಟ್ಟಿಗೆ ಕಡಿಮೆ ಉಂಡವನಲ್ಲ ಶ್ರೀಶೈಲಪ್ಪ. ಅವನ ಮುಂದೆ ಅಕ್ಕಿ ಗಂಜಿಯ ಬಟ್ಟಲು ಬಂತು.

"ಸಿಸ್ಟರ, ನನಗ ರೊಟ್ಟಿ ನಡೀತೈತ್ರಿ."

"ನಿಮ್ಮ ಮಾಸ್ತರರು ಘಟ್ಟಿ ನುಂಗೂದಿಲ್ಲ ಅಂದಾರಲ್ರಿ. ಆಂ ಅನ್ರಿ."

ಮೂರನೆಯ ಪರೀಕ್ಷೆಯೆಂದು ಬಾಯೊಳಗಿನ ಗಂಜಿಯನ್ನು ಅವಳ ಸೆರಗಿಗೆ ಪಿಚಕಾರಿ ಹೊಡೆದ. ಸುತ್ತ ಯಾರೂ ಇರಲಿಲ್ಲ. ಈಗ ಬೈಯುತ್ತಾಳೆಂದು ಕಣ್ಣು ಮುಚ್ಚಿದ. ಸಗೀರಾ ಸೆರಗು ಒರೆಸಿಕೊಂಡು ನಕ್ಕಳು. "ನಮ್ಮ ಅಬ್ಬಾನೂ ಹಿಂಗ ಮಾಡತಿದ್ರು. ಇರ್ರಿ, ಬಿಸೀದು ಇನ್ನೊಂದು ಬಟ್ಟಲ ತರ್ತೇನಿ."

ಮೂರಕ್ಕೆ ಮೂರೂ ಪಾಸು. ಶ್ರೀಶೈಲಪ್ಪನ ಹೊಟ್ಟೆ ಖಾಲಿ, ಎದೆ ತುಂಬಿತ್ತು. ಮೂರು ತಿಂಗಳ ಸ್ವಾತಂತ್ರ್ಯ ಅವನ ಕಣ್ಣ ಮುಂದೆ ಎತ್ತಿನ ಬಂಡಿಯಂತೆ ಗೆಜ್ಜೆ ಕಟ್ಟಿಕೊಂಡು ಬರುತ್ತಿತ್ತು. ಇನ್ನು ಇರುವ ಕೆಲಸವಿಲ್ಲ.

"ಸಿಸ್ಟರ, ಖರೇ ಹೇಳ್ತೇನಿ. ನನಗೇನೂ ಆಗಿಲ್ರಿ."

"ಹೌದ್ರಿ ಕಾಕಾರ, ಏನೂ ಆಗಿಲ್ಲ" ಎಂದು ಅವಳು ಕೂಸಿಗೆ ಹೇಳುವಂತೆ ಹೇಳಿ ಬಲಗಾಲು ಹಿಡಿದಳು. ಕಸರತ್ತಿನ ಹೊತ್ತಾಗಿತ್ತು. ಆ ಕಾಲು ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು, ಹೆಬ್ಬೆರಳು ಕಿವಿಯಲ್ಲಿ ಏನೋ ಗುಟ್ಟು ಹೇಳಿ ಕೆಳಗಿಳಿಯಿತು. "ನಾ ಎತ್ತಿನ ದಲ್ಲಾಳಿ ಅದೇನ್ರಿ, ಪರೀಕ್ಷಾ ಮಾಡಾಕ ಬಂದೇನಿ" ಎಂದು ಅವನು ಚೀರಿದ. ಡಾಕ್ಟರು ಬಂದು ಕಾಗದ ನೋಡಿ ತಲೆಯಾಡಿಸಿದರು. "ಬಡಬಡಿಕೆ ಶುರುವಾಗೇದ. ಮಾಸ್ತರರು ಹೇಳಿದ್ದರು. ಎರಡು ತಾಸಿಗೊಮ್ಮೆ ಮಗ್ಗಲು ತಿರುಗಿಸೋದು ಮಾತ್ರ ತಪ್ಪಿಸಬೇಡಿ." ತವೆಯ ಮೇಲಿನ ರೊಟ್ಟಿಯಂತೆ ಅವನನ್ನು ಮಗುಚಿ, ಎದ್ದು ಬಿದ್ದಾನೆಂದು ಮಂಚದ ಎರಡೂ ಕಡೆಯ ಕಂಬಿ ಏರಿಸಿ ಸಗೀರಾ ಹೋದಳು.

ಮಗುಚಿದ ಕಡೆ ಇನ್ನೊಂದು ಮಂಚ. ಅದರ ಮೇಲೆ ತಂಗಡಗಿಯ ರಸೂಲಸಾಬ. ಕೃಷ್ಣಾ ದಂಡೆಯ ರೈತ, ಲಕ್ವಾ ಹೊಡೆದು ನಲವತ್ತು ದಿನ. ಬಲಗೈ ಆಡುವುದಿಲ್ಲ, ಮಾತಿಲ್ಲ. ಕಣ್ಣು ಮಾತ್ರ ಜೀವಂತ. ಆ ಕಣ್ಣು "ದಲ್ಲಾಳಿ" ಎಂಬ ಮಾತು ಕೇಳಿದಾಗಿನಿಂದ ಶ್ರೀಶೈಲಪ್ಪನ ಮೇಲೇ ಇತ್ತು.

ನಾಲ್ಕು ಹೊಡೆಯಿತು. ಮಾಸ್ತರರು ಬರಲಿಲ್ಲ, ಶೀಕರಣೆ ಉಂಡು ಬೀಗರ ಮನೆಯ ಕಟ್ಟೆಯ ಮೇಲೆ ಗೊರಕೆ ಹೊಡೆಯುತ್ತಿದ್ದರು. ಆಗ ಕಂಬಿಯ ಸಂದಿಯಿಂದ ರಸೂಲಸಾಬನ ಒಣಕಲು ಬಲಗೈ ನಡುಗುತ್ತ ಬಂದು ಶ್ರೀಶೈಲಪ್ಪನ ಚಾದರದ ಕೆಳಗೆ ಹೊಕ್ಕಿತು. ಅವನ ಬಲಗೈಯ ನಾಲ್ಕು ಬೆರಳು ಹಿಡಿಯಿತು.

ಉಳಿದವರಾದರೆ ಹೌಹಾರಿ ಕೈ ಕೊಡವುತ್ತಿದ್ದರು. ಶ್ರೀಶೈಲಪ್ಪನದು ಮೂರು ತಲೆಮಾರಿನ ದಲ್ಲಾಳಿ ಕೈ. ಬಟ್ಟೆಯ ಕೆಳಗೆ ಬೆರಳು ಮುಟ್ಟಿದರೆ ನಿದ್ದೆಯಲ್ಲೂ ಜವಾಬು ಕೊಡುವ ಕೈ. ಎತ್ತಿಗೆ ನಾಲ್ಕು ಸಾವಿರ ಹೆಚ್ಚಾಯಿತೆಂದು ಎರಡು ಹಿಡಿದ. ರಸೂಲಸಾಬನ ಕಣ್ಣು ಮಿನುಗಿತು, ಮತ್ತೆ ನಾಲ್ಕು. ಎರಡೂವರೆ ಎಂದು ಮೂರನೆಯ ಬೆರಳನ್ನು ಮಡಚಿ ಹಿಡಿದ. ಚಾದರ ಬೆಕ್ಕಿನ ಮರಿ ಹೊಕ್ಕಂತೆ ಕುಣಿಯತೊಡಗಿತು. ಕೊನೆಗೆ ಮೂರಕ್ಕೆ ಬಂದು ನಿಂತಿತು. ಶ್ರೀಶೈಲಪ್ಪ ಮೈಮರೆತು ಅಂಗೈ ಒತ್ತಿಬಿಟ್ಟ.

"ಕೊ... ಕೊಟ್ಟೆ" ಎಂದ ರಸೂಲಸಾಬ.

ಬಾಗಿಲಲ್ಲಿ ಸಗೀರಾಳ ಕೈಯಿಂದ ತಾಟು ಬಿತ್ತು. ನಲವತ್ತು ದಿನದ ಮೇಲೆ ಬಂದ ಮೊದಲ ಮಾತು ಅದು. ಅವಳು ಓಡಿಬಂದು ಚಾದರ ಎತ್ತಿದಳು. ಸತ್ತ ಎರಡು ಬಲಗೈ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಡಾಕ್ಟರು ಓಡಿಬಂದರು, ಅಡಿಗೆಯವನು ಸೌಟು ಹಿಡಿದೇ ಬಂದ, ಊರುಗೋಲಿನವರು ಊರುಗೋಲು ಮರೆತು ಬಂದರು. "ನಲವತ್ತು ದಿನದಾಗ ಆಗದ್ದು ಐದು ತಾಸಿನ್ಯಾಗ ಆತಲ್ಲ" ಎಂದು ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಶ್ರೀಶೈಲಪ್ಪನವರ, ನಿಮ್ಮನ್ನ ಈಗ ಬಿಟ್ಟರ ಪಾಪ ಬರತದ. ಮೂರು ತಿಂಗಳು ಪೂರಾ ಇಟ್ಟುಕೊಂಡು ಓಡೋಹಂಗ ಮಾಡಿ ಕಳಸ್ತೀನಿ."

ಶ್ರೀಶೈಲಪ್ಪ ರಸೂಲಸಾಬನ ಕಡೆ ಬೆರಳು ಮಾಡಿದ. "ಈಗ ಇವರ ಎತ್ತು..."

"ಅಯ್ಯ, ಅದು ಹ್ವಾದ ವರ್ಷನ ಸತ್ತೈತ್ರಿ ಕಾಕಾರ" ಎಂದಳು ಸಗೀರಾ. "ಅದರ ಚಿಂತ್ಯಾಗ ಇವ್ರಿಗೆ ಹಿಂಗ ಆಗಿದ್ದು."

ಅಂಗೈ ಒತ್ತಿದ ಮಾತು. ಶ್ರೀಶೈಲಪ್ಪ ಸತ್ತ ಎತ್ತು ಕೊಂಡಿದ್ದ.

ಡಾಕ್ಟರು ಸಂತೋಷದ ಸುದ್ದಿ ತಿಳಿಸಲು ಇಂಡಿಗೆ ಫೋನು ಹಚ್ಚಿದರು. ಎತ್ತಿದವಳು ಮಾಸ್ತರರ ಹೆಂಡತಿ. "ನಿಮ್ಮ ಶ್ರೀಶೈಲಪ್ಪನವರಿಗೆ ಲಕ್ವಾ ಹೊಡೆದಿತ್ತಲ್ಲ" ಎಂಬಷ್ಟು ಕೇಳಿದ್ದೇ ತಡ, ರಿಸೀವರು ಜೋತುಬಿಟ್ಟು ಓಣಿಗೆ ಓಡಿದಳು. ಕೈ ಬಂದ ಸುದ್ದಿಯನ್ನು ಡಾಕ್ಟರು ಅವರ ಗೋಡೆಗೆ ಹೇಳಿದರು.

ಆರು ಗಂಟೆಗೆ ಬಾಡಿಗೆಯ ಟ್ರ್ಯಾಕ್ಸ್ ಗಾಡಿಯೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಮೊದಲು ಅಳುತ್ತ ಸುವರ್ಣಾ ಇಳಿದಳು. ಅವಳ ಹಿಂದೆ ಇಳಿದವಳನ್ನು ಕಿಟಕಿಯಿಂದ ಕಂಡು ಶ್ರೀಶೈಲಪ್ಪನಿಗೆ ಈ ಸಲ ನಿಜವಾಗಿಯೂ ಕೈಕಾಲು ಬಿದ್ದುಹೋದವು. ಎಂಟು ದಿನ ಹಾಸಿಗೆ ಬಿಡದ ಹುಚ್ಚವ್ವ ಒಂದು ಕೈಯಲ್ಲಿ ಕೋಲು ಹಿಡಿದು, ಕುಂಟುತ್ತ, ಬೆವರುತ್ತ, ಯಾರ ಆಸರೆಯೂ ಇಲ್ಲದೆ ನಡೆದು ಬರುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಆ ನೀರನ್ನು ಅವನು ತಾಯಿ ಸತ್ತ ದಿನ ನೋಡಿದ್ದ, ಮತ್ತೆ ನೋಡಿರಲಿಲ್ಲ.

"ತಮ್ಮಾ" ಎಂದು ಮಂಚದ ಮೇಲೆ ಕೂತಳು. ಮುಖ ಸವರಿದಳು. ಆಮೇಲೆ ಕೆಳಗೆ ನೋಡಿದಳು. ಹೆದರಿಕೆಗೆ ಅವನ ಬಲಗಾಲಿನ ಹೆಬ್ಬೆರಳು ಪಟಪಟ ಕುಣಿಯುತ್ತಿತ್ತು. ಸಾವಿರ ಎತ್ತಿನ ಸುಳ್ಳು ಕುಂಟು ಹಿಡಿದ ದಲ್ಲಾಳಿಯ ಮಗಳು ಅವಳು. ಕಣ್ಣಿನ ನೀರು ಅಲ್ಲಲ್ಲೇ ಇಂಗಿತು.

ಸೆರಗಿನ ತುದಿ ಹರಡಿ ಅವನ ಬಲಗೈಯ ಮೇಲೆ ಹೊದಿಸಿದಳು. ಸೆರಗಿನ ಕೆಳಗೆ ಅವಳ ಕೈ ಬಂದು ಮೂರು ಬೆರಳು ಹಿಡಿಯಿತು.

ಮೂರು ತಿಂಗಳು.

ಶ್ರೀಶೈಲಪ್ಪ ಒಂದು ಬೆರಳು ಹಿಡಿದ. ಅವಳು ಮೂರು. ಅವನು ಎರಡು. ಹುಚ್ಚವ್ವ ನಿಧಾನವಾಗಿ ಡಾಕ್ಟರರ ಕಡೆ ಹೊರಳಿದಳು. "ಡಾಕ್ಟರ, ಇವನ ವಿಷಯ ನಿಮಗೊಂದು ಖರೇ ಮಾತ ಹೇಳಬೇಕಂತೇನ್ರಿ. ಇಂಡಿ ಸಂತ್ಯಾಗೂ ನಾಕ ಮಂದಿಗೆ ತಿಳೀಲಿ..."

ಸುಳ್ಳು ಕುಂಟಿದ ದಲ್ಲಾಳಿಯ ಮಾತಿಗೆ ಯಾವ ಸಂತೆಯಲ್ಲಿ ಬೆಲೆ? ಶ್ರೀಶೈಲಪ್ಪ ಗಡಿಬಿಡಿಯಲ್ಲಿ ಅಂಗೈ ಒತ್ತಿದ.

"ಏನಿಲ್ರಿ" ಎಂದಳು ಹುಚ್ಚವ್ವ, ಸೆರಗು ತೆಗೆದುಕೊಳ್ಳುತ್ತ. "ಇಂಥಾ ಚೊಲೊ ಆರೈಕಿ ಎಲ್ಲೂ ಸಿಗೂದಿಲ್ಲ ಅಂತ ಇಂವನ ಹೇಳಾಕತ್ತಾನ. ನನಗೂ ಇವನ ಎಡಗಡೆ ಒಂದು ಕಾಟ ಹಾಕ್ರಿ. ಅಕ್ಕ ತಮ್ಮ ಕೂಡೇ ನಡ್ಯಾಕ ಕಲೀತೇವಿ."

ಕಾಟು ಬಂತು. ಹುಚ್ಚವ್ವ ಒರಗಿದಳು, ಮೇಲೆ ನೋಡಿದಳು. "ತಮ್ಮಾ, ಈ ಫ್ಯಾನೂ ಎಡಕ್ಕ ಹೊಂಟೈತಿ."

ರೂಢಿಯ ಪ್ರಕಾರ ಅವನು ಏಳಲು ಹೋದ. ಸಗೀರಾ ಎದೆಯ ಮೇಲೆ ಒಂದೇ ಕೈಯಿಟ್ಟು ಮಲಗಿಸಿದಳು. ಆ ಕಡೆಯ ಮಂಚದಿಂದ ರಸೂಲಸಾಬ ಹೊಸದಾಗಿ ಬಂದ ಮಾತಿನಲ್ಲಿ, ಇನ್ನೊಂದು ಎತ್ತೂ ಇದೆ ಎನ್ನುತ್ತಿದ್ದ.

"ಎರಡು ತಾಸ ಆತ್ರಿ ಕಾಕಾರ" ಎಂದಳು ಸಗೀರಾ. "ಈಗ ಅಕ್ಕಾರ ಕಡೆ ತಿರುಗ್ರಿ."