ಬೈಸಿಕೊಂಡವನಿಗೇ ಜಾಗ

ನಮ್ಮ ಹುಣಸೂರು, ಎಚ್.ಡಿ. ಕೋಟೆ ಕಡೆ ಜನರ ಜೊತೆ ಮಾತಾಡೋದು ಹೇಗೆ ಅಂತ ನಮಗೇ ಕಲಿಸೋಕೆ ಯಾರಾದರೊಬ್ಬರು ಬರುತ್ತಲೇ ಇರುತ್ತಾರೆ. ಬರಲಿ, ಡೀಸೆಲ್ಲು ಕಂಪನಿದು. ಅವರ ಹಿಂದೆ ತರ್ಜುಮೆ ಮಾಡಿಕೊಂಡು ಅಲೆಯುವ ಕರ್ಮ ಮಾತ್ರ ನನ್ನದು.

ನಾನು ಮಿಡಿಸೌತೆ ಬೆಳೆಸಿ ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ಫೀಲ್ಡ್ ಸೂಪರ್‌ವೈಸರ್. ಕೋಟೆ ರಸ್ತೆಯ ಒಂದು ಹಳ್ಳಿಯಲ್ಲಿ ಕಾಯಿ ವಿಂಗಡಿಸೋಕೆ ಶೆಡ್ ಕಟ್ಟಬೇಕಿತ್ತು. ಜಾಗ ಅಲ್ಲಿನ ಒಬ್ಬ ಯಜಮಾನರದು. ಅವರು ಗುತ್ತಿಗೆಗೆ ಕೊಟ್ಟರೆ ನಾನು ಇಲ್ಲೇ ಇರ್ತೀನಿ, ಕೊಡದಿದ್ದರೆ ಈ ಕಡೆ ಕೆಲಸ ಮುಚ್ಚಿ ನನ್ನನ್ನು ಆಂಧ್ರದ ಕುಪ್ಪಂಗೆ ಎತ್ತಿಹಾಕ್ತಾರೆ. ನನ್ನ ಹೆಂಡತಿಗೆ ಹುಣಸೂರಿನ ಸ್ಕೂಲಲ್ಲಿ ಕೆಲಸ. ‘ಕುಪ್ಪಂ ಆದ್ರೆ ನೀವೊಬ್ರೇ ಹೋಗಿ, ಈಗಿಂದ್ಲೇ ಅನ್ನ ಮಾಡೋದು ಕಲ್ತ್ಕೊಳಿ’ ಅಂದಿದ್ದಳು. ಇಂಥ ಹೊತ್ತಲ್ಲಿ ಹೆಡ್ಡಾಫೀಸಿನವರು ದೆಹಲಿಯಿಂದ ಒಬ್ಬ ಟ್ರೈನರ್‌ನ ಕಳಿಸಿದರು. ಬೇರೆ ಬೇರೆ ಸಂಸ್ಕೃತಿಯವರ ಜೊತೆ ವ್ಯವಹಾರ ಮಾಡುವ ವಿದ್ಯೆ ಅವರಿಗೆ ಕರಗತವಂತೆ.

ಕಣ್ಣಲ್ಲಿ ಕಣ್ಣಿಟ್ಟು

ಬಂದ ವಾರವೇ ಒಂದು ಕಾಲೇಜಿನಲ್ಲಿ ಪುಕ್ಕಟೆ ಪಾಠ. ‘ದೊಡ್ಡವರ ಹತ್ತಿರ ಮಾತಾಡುವಾಗ ತಲೆ ತಗ್ಗಿಸಬೇಡಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಆಗ ಅವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತೆ’ ಅಂದರು. ನಾನು ಕನ್ನಡದಲ್ಲಿ ಹೇಳಿದೆ. ಮಕ್ಕಳು ಬರೆದುಕೊಂಡರು.

ಮಾರನೇ ದಿನ ಒಬ್ಬಳು ಹುಡುಗಿ ರಜೆ ಕೇಳೋಕೆ ಪ್ರಿನ್ಸಿಪಾಲರ ಮುಂದೆ ನಿಂತು, ಕಲಿತ ಹಾಗೆ ರೆಪ್ಪೆ ಹೊಡೆಯದೆ ನೋಡಿದಳಂತೆ. ಅವರು ರಜೆ ಕೊಡಲಿಲ್ಲ, ಅಪ್ಪನನ್ನು ಕರೆಸಿದರು. ‘ನಿಮ್ಮ ಮಗಳು ನನ್ನನ್ನ ನುಂಗೋ ಹಾಗೆ ದುರುಗುಟ್ಟಿ ನೋಡ್ತಾಳೆ, ಮನೇಲಿ ಏನಾದ್ರೂ ತೊಂದ್ರೇನಾ?’ ಅಪ್ಪ ಪಾಪ ನೆಲ ನೋಡಿಕೊಂಡು ಕ್ಷಮೆ ಕೇಳಿದ. ಅವನ ಮೇಲೆ ಪ್ರಿನ್ಸಿಪಾಲರಿಗೆ ತಕ್ಷಣ ನಂಬಿಕೆ ಬಂತು, ರಜೆಯೂ ಸಿಕ್ಕಿತು.

ಬೇಡ ಅಂದ ಟೀ

ಯಜಮಾನರನ್ನು ಮಾತುಕತೆಗೆ ಹುಣಸೂರಿನ ಆಫೀಸಿಗೆ ಕರೆಸಿದ್ದೆ. ಬಿಸಿಲಲ್ಲಿ ಬಸ್ಸು ಇಳಿದು, ಟವಲಿನಲ್ಲಿ ಮುಖ ಒರೆಸಿಕೊಂಡು ಬಂದರು. ಟ್ರೈನರ್ ಸಾಹೇಬರು ‘ಟೀ?’ ಅಂದರು.

‘ಬ್ಯಾಡ ಸ್ವಾಮಿ’ ಅಂದರು ಯಜಮಾನರು.

ನಮ್ಮಲ್ಲಿ ಮೊದಲನೇ ‘ಬೇಡ’ ಮರ್ಯಾದೆಗೆ. ಎರಡನೆಯದು ಬಿಂಕಕ್ಕೆ. ಮೂರನೇ ಸಲಕ್ಕೆ ‘ಒಂದ್ ಅರ್ಧ ಲೋಟ ಕೊಡಿ ಮತ್ತೆ’ ಅಂತ ಬರುತ್ತೆ. ಹುಟ್ಟಿದ ಕೂಸಿಗೂ ಗೊತ್ತಿರೋ ವಿಷಯ. ನಾನು ಇನ್ನೊಂದು ಸಲ ಕೇಳೋಕೆ ಬಾಯಿ ತೆಗೆದರೆ ಸಾಹೇಬರು ತಡೆದರು. ‘ಬಲವಂತ ಮಾಡಬಾರದು. ಅವರ ಆಯ್ಕೆಯನ್ನ ಗೌರವಿಸಬೇಕು.’ ಹಾಗಂದು ತಾವೊಬ್ಬರೇ ಟೀ ತರಿಸಿಕೊಂಡು, ಬಿಸ್ಕತ್ತು ಅದ್ದಿಕೊಂಡು, ಯಜಮಾನರ ಎದುರಿಗೇ ಕುಡಿದರು. ಯಜಮಾನರು ಆ ಬಿಸ್ಕತ್ತು ಹೋಗಿ ಬರೋ ದಾರಿಯನ್ನೇ ನೋಡುತ್ತಾ ಕೂತಿದ್ದರು.

ಹೊರಗೆ ಬಂದು ನನಗೆ ಹೇಳಿದರು: ‘ಒಂದ್ ಲೋಟ ಟೀ ಕುಡ್ಸಕ್ಕಾಗ್ದವ್ರು ಶೆಡ್ ಏನ್ಲಾ ಕಟ್ತಾರೆ?’

ಬನ್ನಿ ಸಾರ್

ಆಮೇಲೆ ನಾವೇ ಅವರ ಮನೆಗೆ ಹೋದೆವು. ಯಜಮಾನರು ಎದ್ದು ನಿಂತರು. ಕುರ್ಚಿ ಒರೆಸಿದರು. ‘ಬನ್ನಿ ಸಾರ್, ಕೂತ್ಕೊಳಿ ಸಾರ್, ಯೋಚ್ನೆ ಮಾಡಿ ಯೇಳ್ತೀನಿ ಸಾರ್’ ಅಂದರು. ಕೆಲಸ ಕೆಟ್ಟಿತು ಅಂದುಕೊಂಡೆ. ಆ ಮನೆಯಲ್ಲಿ ಸಾರ್ ಅನ್ನಿಸಿಕೊಳ್ಳೋದು ಸಾಲ ವಸೂಲಿಗೆ ಬಂದವರು, ಕರೆಂಟು ಕಟ್ ಮಾಡೋಕೆ ಬಂದವರು, ಒಟ್ಟಿನಲ್ಲಿ ಬೇಗ ಎದ್ದು ಹೋದರೆ ಸಾಕು ಅನ್ನಿಸೋರು. ಬೇಕಾದವರಿಗೆ ಅಲ್ಲಿ ಬೈಗುಳವೇ. ಸಾಹೇಬರು ಕಾರು ಹತ್ತಿ ‘ನೋಡಿದ್ಯಾ ಎಷ್ಟು ಗೌರವ, ಕೆಲಸ ಆಯ್ತು’ ಅಂತ ಹೆಡ್ಡಾಫೀಸಿಗೆ ಫೋನು ಮಾಡಿದರು.

ಎರಡು ದಿನ ಬಿಟ್ಟು ಮತ್ತೆ ಹೋದಾಗ ಸಾಹೇಬರನ್ನು ಕಾರಿನಲ್ಲೇ ಕೂರಿಸಿ ನಾನೊಬ್ಬನೇ ಒಳಗೆ ಹೋದೆ, ಟೀ ವಿಷಯಕ್ಕೆ ತಪ್ಪಾಯ್ತು ಅಂದೆ. ‘ಥೂ ಬಡ್ಡೆತ್ತದೆ, ಅವನ್ಗಂತೂ ಗೊತ್ತಿಲ್ಲ, ನಿನ್ಗೇನ್ಲಾ ದಾಡಿ? ಕೂತ್ಕ, ಉಣ್ಣು’ ಅಂತ ಊರಿಗೆಲ್ಲ ಕೇಳೋ ಹಾಗೆ ಬೈದರು. ನನಗೆ ಜೀವ ಬಂತು. ಉಂಡು ಏಳೋದರೊಳಗೆ ಅವರ ತಮ್ಮ ಹೋಗಿ ಶೆಡ್ಡಿನ ಜಾಗದ ನಾಲ್ಕು ಮೂಲೆಗೂ ಗೂಟ ಹೊಡೆದು ಬಂದ.

ಕೈ ತೊಳೆದು ಹೊರಗೆ ಬಂದರೆ ಸಾಹೇಬರು ಕಾರಿನ ಗಾಜು ಏರಿಸಿ, ಬಾಗಿಲು ಲಾಕ್ ಮಾಡಿಕೊಂಡು, ‘ರೈತ ತಿರುಗಿ ಬಿದ್ದಿದ್ದಾನೆ’ ಅಂತ ಹೆಡ್ಡಾಫೀಸಿಗೆ ಇನ್ನೊಂದು ಫೋನು ಮಾಡುತ್ತಿದ್ದರು.

ದೊಡ್ಡ ಸಾಹೇಬರು

ಅದನ್ನು ಕೇಳಿ ಮುಂಬೈಯಿಂದ ಕಂಪನಿಯ ದೊಡ್ಡ ಸಾಹೇಬರೇ ಹೊರಟು ಬಂದರು. ಜಾಗ ಸಿಗುತ್ತೋ ಇಲ್ಲವೋ ಕಣ್ಣಾರೆ ನೋಡಿ, ಇಲ್ಲವಾದರೆ ಅವತ್ತೇ ಕುಪ್ಪಂ ಗಟ್ಟಿ ಮಾಡೋಕೆ. ಟ್ರೈನರ್ ಮುಂಚಿತವಾಗಿ ನನ್ನ ಬಾಯಲ್ಲಿ ಯಜಮಾನರಿಗೆ ಹೇಳಿಸಿದರು: ‘ದೊಡ್ಡವರ ಮುಂದೆ ಕೂಗಾಡಬಾರದು, ಮರ್ಯಾದೆಯಿಂದ ಮಾತಾಡಬೇಕು.’

‘ಮರ್ವಾದೆ ತಾನೆ? ಕೊಟ್ರಾಯ್ತು ಬುಡು’ ಅಂದರು ಯಜಮಾನರು.

ಜಾಗದ ಹತ್ತಿರವೇ ಸಭೆ. ಮಳೆ ಬಿದ್ದು ಮಣ್ಣು ಹದವಾಗಿತ್ತು. ಯಜಮಾನರ ತಮ್ಮ ಪಕ್ಕದ ಹೊಲ ಉತ್ತು ಮುಗಿಸಿ, ಟ್ರ್ಯಾಕ್ಟರ್ ಮೇಲೆ ಕೂತು ನೋಡುತ್ತಿದ್ದ. ಯಜಮಾನರು ಕೈ ಮುಗಿದರು. ‘ಬನ್ನಿ ಸಾರ್. ದೊಡ್ಡವರು ಸಾರ್ ತಾವು.’ ಟ್ರೈನರ್ ಮುಖ ಅರಳಿತು. ತಮ್ಮನ ಮುಖ ಬಾಡಿತು. ಅಣ್ಣ ಇಷ್ಟು ಸಲ ಸಾರ್ ಅಂದನಲ್ಲ, ಸರಿ, ವ್ಯವಹಾರ ಮುರಿದುಬಿತ್ತು ಅಂದುಕೊಂಡ. ಗಾಡಿ ತಿರುಗಿಸಿ, ಗೂಟ ಕಿತ್ತೆಸೆದು, ಶೆಡ್ಡಿನ ಜಾಗವನ್ನೇ ಉಳತೊಡಗಿದ.

ದೊಡ್ಡ ಸಾಹೇಬರು ನನ್ನ ಕಡೆ ನೋಡಿದರು. ನನಗೆ ಕುಪ್ಪಂನಲ್ಲಿ ಒಬ್ಬನೇ ಕೂತು ಅಕ್ಕಿ ಆರಿಸೋದು ಕಣ್ಣಿಗೆ ಕಟ್ಟಿತು. ಓಡಿಹೋಗಿ ಯಜಮಾನರ ಕೈ ಹಿಡಿದೆ. ‘ನಿಮ್ ದಮ್ಮಯ್ಯ ಅಂತೀನಿ, ಒಂದ್ಸಲ ಬೈದ್ಬುಡಿ.’

‘ಯಾರ್ನಲಾ?’

‘ದೊಡ್ಡ ಸಾಹೇಬ್ರನ್ನ.’

ಅವತ್ತೆಲ್ಲ ತಡೆದುಕೊಂಡಿದ್ದರು ಅಂತ ಕಾಣುತ್ತೆ. ‘ಲೇ ಬಡ್ಡೆತ್ತದೆ, ಬಿಸ್ಲಲ್ಲಿ ನಿಂತ್ಕಂಡು ಯಾರ್ ಮಕ ನೋಡ್ತಿದ್ದೀಯ್ಲಾ? ಒಣ್ಗೋಗಿರೋದ್ ನೋಡು, ಎಡ್ತಿ ಇಟ್ಟಾಕಲ್ವಾ ನಿನ್ಗೆ? ಬಂದು ಮುದ್ದೆ ಉಣ್ಲಾ ಮದ್ಲು.’

ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ತಮ್ಮ ಇಳಿದು ಗೂಟ ಹುಡುಕಿಕೊಂಡು ಬಂದ.

‘ಏನಂದರು?’ ಅಂತ ದೊಡ್ಡ ಸಾಹೇಬರು ಕೇಳಿದರು.

‘ಜಾಗ ಕೊಟ್ರು ಸಾರ್’ ಅಂದೆ.

ಶೆಡ್ ಎದ್ದಿತು, ನಾನು ಇಲ್ಲೇ ಉಳಿದೆ. ದೊಡ್ಡ ಸಾಹೇಬರು ಈಗಲೂ ಬರುತ್ತಾರೆ, ಬೈಸಿಕೊಂಡು ಮುದ್ದೆ ಉಂಡು ಹೋಗುತ್ತಾರೆ. ಟ್ರೈನರ್ ಕೂಡ ಒಂದು ಸಲ ಆ ಮನೆಗೆ ಬಂದಿದ್ದರು, ತಮ್ಮ ವಿದ್ಯೆಯಿಂದಲೇ ಎಲ್ಲ ಆಗಿದ್ದು ಅಂತ ಫೋಟೊ ತೆಗೆಸಿಕೊಳ್ಳೋಕೆ. ಯಜಮಾನರು ಎದ್ದು ನಿಂತು, ಕುರ್ಚಿ ಒರೆಸಿ, ‘ಬನ್ನಿ ಸಾರ್’ ಅಂದರು. ಟ್ರೈನರ್ ಹಿಗ್ಗಿಹೋದರು.