ಮಾವನ ಮೊಪೆಡ್ಡಿನ ಶನಿವಾರ

ಶನಿವಾರ ಉಪವಾಸ ಮಾಡುವ ಮನುಷ್ಯರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಶನಿವಾರ ಉಪವಾಸ ಮಾಡುವ ಮೊಪೆಡ್ ನೋಡಿದ್ದೀರಾ? ಇಲ್ಲವಾದರೆ ಬೆಳಕವಾಡಿ ರಸ್ತೆಯಲ್ಲಿರುವ ನಮ್ಮ ಸೋದರಮಾವನ ಮನೆಗೆ ಬನ್ನಿ, ತೋರಿಸುತ್ತೇನೆ. ಮಾವ ಶನಿವಾರ ಒಪ್ಪೊತ್ತು ಇರುವವರು. ಸರಿ, ಇರಲಿ. ಪಾಪ, ಗಾಡಿ ಏನು ತಪ್ಪು ಮಾಡಿತ್ತು?

ಇದೆಲ್ಲ ಶುರುವಾದದ್ದು ಮಳವಳ್ಳಿಯ ಪೆಟ್ರೋಲ್ ಬಂಕಿನಲ್ಲಿ. ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ, ಅದನ್ನು ಕಬ್ಬಿನಿಂದ ಮಾತ್ರವಲ್ಲ, ಮುಸುಕಿನ ಜೋಳ, ಅಕ್ಕಿಯಿಂದಲೂ ತೆಗೆಯುತ್ತಾರೆ ಎಂದು ಬಂಕಿನವನು ಹೇಳಿದ. ನಾನೋ ನೀವೋ ಆಗಿದ್ದರೆ "ಹೌದಾ?" ಎಂದು ಬಂದುಬಿಡುತ್ತಿದ್ದೆವು. ಮಾವ ಅಲ್ಲೇ ಚಪ್ಪಲಿ ಬಿಟ್ಟರು!

"ಚಪ್ಪಲಿ ಯಾಕೆ ಬಿಟ್ಟೆ ಮಾವ?" ಜೊತೆಯಲ್ಲಿದ್ದ ನಾನು ಕೇಳಿದೆ.

"ಅನ್ನ ಕಣ್ಲಾ ಅದು! ರಾಸಿ ತಾವ್ಕೆ ಮೆಟ್ಟಾಕ್ಕೊಂಡು ಓಯ್ತಾರಾ?"

ಕಣದಲ್ಲಿ ಕಾಳಿನ ರಾಶಿ ಹಾಕಿದ ಮೇಲೆ ನಮ್ಮ ಕಡೆ ಯಾರೂ ಮೆಟ್ಟು ಹಾಕಿಕೊಂಡು ಹತ್ತಿರ ಸುಳಿಯುವುದಿಲ್ಲ, ನಿಜ. ಆ ನಿಯಮವನ್ನು ಪೆಟ್ರೋಲ್ ಬಂಕಿಗೆ ತಂದವರು ಇಡೀ ಜಿಲ್ಲೆಯಲ್ಲಿ ಇವರೊಬ್ಬರೇ.

ಅಲ್ಲಿಗೇ ನಿಂತಿತೇ? ಇಲ್ಲ! ಕಿಕ್ ಹೊಡೆಯುವುದೂ ಬಂದ್ ಆಯಿತು. "ಅನ್ನಕ್ಕೆ ಒದೀತಾರೇನ್ಲಾ?" ಮನೆ ಮುಂದೆ ಇಳಿಜಾರು, ಅಲ್ಲಿ ತಳ್ಳಿ ಹತ್ತಿಬಿಡುತ್ತಾರೆ. ಬಂಕಿನ ಮುಂದೆ ಏನು ಮಾಡಬೇಕು? ಟ್ಯಾಂಕ್ ತುಂಬಿಸಿಕೊಂಡು, ಬರಿಗಾಲಲ್ಲಿ, ಏದುಸಿರು ಬಿಡುತ್ತ ಗಾಡಿ ತಳ್ಳುವವರನ್ನು ಕಂಡು ಜನ ಮರುಗುತ್ತಾರೆ. "ಪೆಟ್ರೋಲ್ ಖಾಲಿಯಾ ಯಜಮಾನ್ರೇ? ಬಂಕು ಇಲ್ಲೇ ಅದೆ, ಇಂದ್ಕೆ ತಿರುಗಿ ನೋಡಿ!"

ಆಮೇಲೆ ಬಂತು ಉಪವಾಸ. "ಕಾಳು ಉಣ್ಣೋದು ಅಂದ್ಮೇಲೆ ಅದ್ಕೂ ವಾರ ಬ್ಯಾಡ್ವಾ?" ಎಂದು ಶನಿವಾರ ಗಾಡಿ ಮುಟ್ಟುವುದನ್ನೇ ಬಿಟ್ಟರು.

ಇಷ್ಟನ್ನೂ ನಗುತ್ತಲೇ ಸಹಿಸಿಕೊಂಡಿದ್ದವರು ಅತ್ತೆ. ಆದರೆ ಈ ಸಲ ಮಾವ ಹೊಲಕ್ಕೆಲ್ಲ ಮುಸುಕಿನ ಜೋಳ ಹಾಕಿ, "ಇದ್ನ ಎಥೆನಾಲ್ ಫ್ಯಾಕ್ಟ್ರಿಗೇ ಕೊಡೋದು" ಎಂದಾಗ ಸಿಡಿದುಬಿಟ್ಟರು. ನೆಲಕ್ಕೆ ಬಿದ್ದ ಅಗುಳನ್ನೂ ಆರಿಸಿ ಕೋಳಿಗೆ ಹಾಕುವ ಹೆಂಗಸು ಅವರು.

"ಅನ್ನ ಅನ್ಕೊಂಡು ಕೈ ಮುಗೀತೀಯ, ಅದ್ನೇ ಸುಡಾಕೆ ಕೊಡ್ತೀಯಾ? ನಿನ್ ಗಾಡಿ ಮ್ಯಾಲೆ ಇನ್ನು ನಾ ಕೂರಕಿಲ್ಲ!"

ಅತ್ತೆ ಕೇಳಿದ್ದು ಸರಿಯಾಗಿಯೇ ಇತ್ತಲ್ಲ!

ಎಷ್ಟೋ ವರ್ಷದಿಂದ ಮಳವಳ್ಳಿ ಸಂತೆಗೆ ಇಬ್ಬರೂ ಅದೇ ಮೊಪೆಡ್ಡಿನಲ್ಲಿ ಹೋಗುತ್ತಿದ್ದವರು. ಈಗ ಅತ್ತೆ ಬಸ್ಸಿನಲ್ಲಿ, ಮಾವ ಒಬ್ಬರೇ ಬಸ್ಸಿನ ಹಿಂದೆ, ಅದರ ಹೊಗೆ ಕುಡಿಯುತ್ತ! ನಾನು ಮದ್ದೂರಿನಿಂದ ಹೋದಾಗಲೆಲ್ಲ ಮಾವ ಬೆಳಿಗ್ಗೆ ಎದ್ದು ಮೊಪೆಡ್ಡಿನ ಹಿಂದಿನ ಸೀಟನ್ನು ಟವಲಿನಿಂದ ಒರೆಸುವುದು ಕಾಣುತ್ತಿತ್ತು. ಇದೊಂದು ಹೊಸ ಹುಚ್ಚು ಎಂದುಕೊಂಡೆ.

"ಯಾರೂ ಕೂರದ ಸೀಟು ಯಾಕೆ ಒರೆಸ್ತೀಯ ಮಾವ?"

"ಧೂಳು ಕೂತ್ಕತದೆ ಕಣ್ಲಾ" ಎಂದು ಮುಖ ತಿರುಗಿಸಿದರು.

ಜೋಳ ಬಿಡಿಸಿ ಟಾರು ರಸ್ತೆಯ ಮೇಲೆ ಒಣಗಲು ಹರವಿದ್ದೇ ತಡ, ಮಳೆ ಹಿಡಿದುಕೊಂಡಿತು. ಟಾರ್ಪಾಲು ಹೊದಿಸಿದರೂ ಅರ್ಧ ರಾಶಿ ಕಪ್ಪಾಗಿ ಬೂಷ್ಟು ಹಿಡಿಯಿತು. ಹಸು ಕೂಡ ಮೂಸಿ ಹಿಂದೆ ಸರಿಯಿತು. ಅತ್ತೆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತರು. "ಅನ್ನವ ತಿಪ್ಪೆಗೆ ಸುರೀಬೇಕಲ್ಲಪ್ಪಾ!"

ಮಾವ ಒಂದಷ್ಟು ಕೆಟ್ಟ ಕಾಳನ್ನು ಟವಲಿನಲ್ಲಿ ಕಟ್ಟಿಕೊಂಡು, ಫ್ಯಾಕ್ಟರಿಗೆ ಕಾಳು ಕಳಿಸುವ ಮಳವಳ್ಳಿಯ ಮಂಡಿಗೆ ಹೋಗಿ ಕೇಳಿ ಬಂದರು.

"ತಗತಾರಂತೆ ಕಣಮ್ಮಿ. ಒಳ್ಳೇದ್ನ ಕೋಳಿಗೋ ದನಕ್ಕೋ ಮಡೀಕೊಳವ. ಕೆಟ್ಟಿರೋದ್ನ ಫ್ಯಾಕ್ಟ್ರಿಗೆ ಕೊಡವ."

"ತಿಪ್ಪೆಗೆ ಓಗಕಿಲ್ವಾ?"

"ಒಂದು ಕಾಳೂ ಓಗಕಿಲ್ಲ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದರು.

ಕಳೆದ ಶನಿವಾರ ಬೆಳಿಗ್ಗೆ ಕೆಟ್ಟ ಕಾಳಿನ ಮೂಟೆಗಳನ್ನು ಟ್ರ್ಯಾಕ್ಟರಿಗೆ ಹೇರಿದೆವು. ಮೊಪೆಡ್ಡಿಗೆ ಉಪವಾಸವಾದ್ದರಿಂದ ಮಾವ ಟ್ರ್ಯಾಕ್ಟರ್ ಹತ್ತಲು ಹೊರಟರು. ಡೀಸೆಲ್ಲಿಗೆ ಈ ಮಡಿ ಇಲ್ಲ! ಅಷ್ಟರಲ್ಲಿ ಅತ್ತೆ ಒಳ್ಳೇ ಸೀರೆ ಉಟ್ಟು, ಬಾಗಿಲಿಗೆ ಬೀಗ ಹಾಕಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಂದು ಮೊಪೆಡ್ ಪಕ್ಕ ನಿಂತರು. ಹಿಂದಿನ ಸೀಟಿನ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡರು. ಒಂದು ಚೂರು ಧೂಳಿಲ್ಲ! ಆಮೇಲೆ ಮಾವನ ಮುಖವನ್ನೇ ನೋಡುತ್ತ ನಿಂತರು.

"ಇವತ್ತು ಸನಿವಾರ ಕಣಮ್ಮಿ. ಅದು ಉಪಾಸ..." ಮಾವ ತೊದಲಿದರು.

"ಬುಡು, ಅದ್ನ ಎಷ್ಟು ಅಂತ ಉಪಾಸ ಕೆಡವ್ತೀಯ? ನಡಿ ಬಂಕಿಗೆ. ಇವತ್ತು ನಾನೇ ಅದ್ಕೆ ಉಣ್ಣಾಕಿಕ್ತೀನಿ."

ಅತ್ತೆ ಹತ್ತಿ ಕೂತು ಮಾವನ ಹೆಗಲ ಮೇಲೆ ಕೈಯಿಟ್ಟರು. ಮಾವನಿಗೆ ಇಳಿಜಾರೂ ನೆನಪಾಗಲಿಲ್ಲ, ಅನ್ನಕ್ಕೆ ಒದೆಯಬಾರದೆಂಬುದೂ ನೆನಪಾಗಲಿಲ್ಲ. ಕಣ್ಣು ತುಂಬಿಕೊಂಡು ಗಾಡಿಗೆ ಒಂದು ಕಿಕ್ ಹೊಡೆದೇಬಿಟ್ಟರು.