ಕಾರ್ಡು ಕೂತ ಜಾಗ

ನನಗೆ ಕೂತಲ್ಲೇ ಊರು ಸುತ್ತುವ ಚಟ. ಬಸ್ಸಿನ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಕಣ್ಣು ಬಿಟ್ಟುಕೊಂಡೇ ಹೋಗಿಬರಬಹುದು. ಮನೆಯಲ್ಲಿ ಇದರಿಂದ ಆಗುವ ನಷ್ಟ ಹೆಚ್ಚೆಂದರೆ ಒಲೆಯ ಮೇಲಿನ ಹಾಲು. ಆದರೆ ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವವನು. ಆ ತಣ್ಣನೆಯ ಕೋಣೆಯಲ್ಲಿ ಫ್ಯಾನುಗಳೆಲ್ಲ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದರೆ, ಬಟವಾಡಿಯ ಬಾಡಿಗೆ ಮನೆಯಲ್ಲಿ ಲಾರಿಗಳ ಹಾರ್ನು ಕೇಳಿ ಬೇಸತ್ತ ನನ್ನಂಥವನಿಗೆ ಜೋಗುಳ ಹಾಡಿದಂತಾಗುತ್ತದೆ.

ಹೋದ ತಿಂಗಳು ಎರಡು ಸರ್ವರ್‌ಗಳಿಗೆ ಹೊಸ ನೆಟ್‌ವರ್ಕ್ ಕಾರ್ಡುಗಳು ಬಂದವು. ಕಾರ್ಖಾನೆಯ ಕ್ಯಾಮೆರಾಗಳು ತೆಗೆಯುವ ರಾಶಿ ಫೋಟೋಗಳು ಒಂದರಿಂದ ಇನ್ನೊಂದಕ್ಕೆ ಬೇಗ ಹೋಗಲಿ ಎಂದು ನಮ್ಮ ವಿಭಾಗದ ಮುಖ್ಯಸ್ಥೆ ಫರ್ಹಾನಾ ಮೇಡಂ, ಮ್ಯಾನೇಜರ್ ಜೊತೆ ವಾದ ಮಾಡಿ ತರಿಸಿದ ದುಬಾರಿ ಕಾರ್ಡುಗಳು. ಕೂರಿಸಿದವನು ನಾನು. ಫೋಟೋಗಳು ಮಾತ್ರ ಅಂದುಕೊಂಡ ವೇಗದ ಕಾಲುಭಾಗವೂ ಓಡಲಿಲ್ಲ. "ಸಂಜೆಯೊಳಗೆ ಸರಿಹೋಗ್ದಿದ್ರೆ ವಾಪಸ್ ಕಳಿಸ್ಬಿಡಿ. ಇನ್ಮೇಲೆ ಏನ್ ತರಿಸ್ಬೇಕು ಅನ್ನೋದನ್ನ ನಾನೇ ನೋಡ್ಕೊಳ್ತೀನಿ" ಎಂದು ಮ್ಯಾನೇಜರ್ ಮಾರನೇ ದಿನ ಬೆಳಿಗ್ಗೆ ಎಲ್ಲರೆದುರಿಗೇ ಮೇಡಂಗೆ ಹೇಳಿಬಿಟ್ಟರು. ಮೇಡಂ ಮುಖ ಸಣ್ಣದಾಯಿತು.

ಮಧ್ಯಾಹ್ನ ಇಬ್ಬರೂ ಪರೀಕ್ಷೆಗೆ ಕೂತೆವು. ಕೇಬಲ್ ಬದಲಿಸಿದೆವು, ಹಾಗೇ ಇತ್ತು. ಡಿಸ್ಕೇ ನಿಧಾನವಿರಬಹುದೆಂದು ಅದನ್ನು ಬಳಸದೆ, ಎರಡೂ ಸರ್ವರ್‌ಗಳ ನಡುವೆ ಬರೀ ಸುಳ್ಳು ಡೇಟಾ ಓಡಿಸಿದೆವು, ಆಗಲೂ ಹಾಗೇ. ಪರದೆಯ ಮೇಲೆ ವೇಗ ತೋರಿಸುವ ಹಸಿರು ಗೆರೆ ತೆವಳುತ್ತಿತ್ತು. ಅದನ್ನು ನೋಡುತ್ತಾ ನೋಡುತ್ತಾ ನಾನು ಗುಬ್ಬಿ ಊರು ದಾಟಿ, ಕಡಬದ ಕೆರೆ ಏರಿಯ ಮೇಲಿದ್ದೆ. ನೀರು ಅಲುಗದೆ ಮಲಗಿತ್ತು. ತೆಂಗಿನ ಗರಿಗಳ ನಡುವೆ ಬಿಸಿಲು ಸೋರುತ್ತಿತ್ತು. ಒಂದು ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತು, ಹಾರಲೋ ಬೇಡವೋ ಎಂದು ಯೋಚಿಸುತ್ತಿತ್ತು.

"ಗಂಗಣ್ಣ, ಎಲ್ಲಿದೀರಾ?" ಎಂದರು ಮೇಡಂ.

"ಕಡಬದಲ್ಲಿ ಮೇಡಂ" ಎಂದುಬಿಟ್ಟೆ.

ಮೇಡಂ ನಗಲಿಲ್ಲ. "ಬೇಗ ವಾಪಸ್ ಬನ್ನಿ. ಇಲ್ನೋಡಿ, ಕಾರ್ಡ್‌ಗೆ ಡೇಟಾ ಹೋಗೋಕೆ ಹದಿನಾರು ದಾರಿ ಬೇಕು. ನಾಲ್ಕೇ ಸಿಕ್ಕಿರೋದು ಅಂತ ತೋರಿಸ್ತಿದೆ. ಯಾವ ಸ್ಲಾಟಲ್ಲಿ ಹಾಕಿದ್ರಿ?"

"ಕೆಳಗಿನದ್ರಲ್ಲಿ. ವೈರು ನೀಟಾಗಿ ಕೂರುತ್ತೆ ಅಂತ..."

ಪಾಳಿ ಬದಲಾಗುವ ಹೊತ್ತಿಗೆ ಎರಡೂ ಸರ್ವರ್‌ಗಳನ್ನು ಆಫ್ ಮಾಡಿ ಮುಚ್ಚಳ ತೆಗೆದೆವು. ಮೇಲಿನ ಸ್ಲಾಟು, ಕೆಳಗಿನ ಸ್ಲಾಟು ನೋಡಲು ಅವಳಿಜವಳಿ. ಆದರೆ ಮೇಲಿನದರ ಪಕ್ಕದಲ್ಲಿ ಹದಿನಾರು ಎಂದೂ, ಕೆಳಗಿನದರ ಪಕ್ಕದಲ್ಲಿ ನಾಲ್ಕು ಎಂದೂ ಸಾಸಿವೆಯಷ್ಟು ಸಣ್ಣದಾಗಿ ಬರೆದಿತ್ತು. ಕಾರ್ಡುಗಳನ್ನು ಕಿತ್ತು ಅವಸರದಲ್ಲಿ ಮೇಲಿನ ಸ್ಲಾಟಿಗೆ ತುರುಕತೊಡಗಿದೆ. ಇನ್ನೊಂದು ಪಾಳಿಯವರು ಬರುವುದರೊಳಗೆ ಸರ್ವರ್‌ಗಳು ಮತ್ತೆ ಚಾಲೂ ಆಗಬೇಕಿತ್ತು. ಮೇಡಂ ಮೊಬೈಲಿನ ಬೆಳಕು ಹಿಡಿದು, "ಗಾಬರಿ ಬೇಡ ಗಂಗಣ್ಣ, ನಿಧಾನಕ್ಕೆ ಒತ್ತಿ" ಎಂದರು.

ಮತ್ತೆ ಓಡಿಸಿದೆವು. ಹಸಿರು ಗೆರೆ ಇತ್ತಿಂದತ್ತ ಚಿಮ್ಮಿತು. ಈ ಸಲ ನನಗೆ ಕಡಬದ ದಾರಿಯಲ್ಲಿ ಗುಬ್ಬಿ ದಾಟುವಷ್ಟು ಪುರುಸೊತ್ತೂ ಕೊಡಲಿಲ್ಲ. ಮೇಡಂ ಕುರ್ಚಿಗೆ ಒರಗಿ, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು.

ಮ್ಯಾನೇಜರ್ ಬಂದು ನೋಡಿ, "ನೀವ್ ಹೇಳಿದ್ದೇ ಸರಿ ಮೇಡಂ. ಏನಾಗಿತ್ತು?" ಎಂದು ಕೇಳಿದರು.

"ಕಾರ್ಡ್‌ಗಳು ನಾಲ್ಕೇ ದಾರಿ ಇರೋ ಸ್ಲಾಟಲ್ಲಿ ಕೂತಿದ್ವು ಸಾರ್. ಬದಲಾಯಿಸಿದ್ವಿ" ಎಂದರು ಮೇಡಂ. ಕೂರಿಸಿದವರು ಯಾರೆಂಬುದನ್ನು ನುಂಗಿಕೊಂಡರು.

ಮ್ಯಾನೇಜರ್ ನನ್ನತ್ತ ತಿರುಗಿದರು. "ಗಂಗಣ್ಣ, ನಿಮ್ ಕೈಗುಣ ಚೆನ್ನಾಗಿದೆ ಕಣ್ರೀ. ಉಳಿದ ಸರ್ವರ್‌ಗಳಿಗೂ ಕಾರ್ಡ್ ತರಿಸ್ತೀನಿ, ನೀವೇ ಹಾಕ್ಬೇಕು."

ಮೇಡಂಗೆ ಕೆಮ್ಮು ಬಂತು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದು ತಿಳಿದ ಮ್ಯಾನೇಜರ್ ಬೆನ್ನು ತಟ್ಟಿ ಹೋದರು.